ಒಂದು ಫೋನು, ಎರಡು ನಂಬರು: ತೋಟದ ಕರೆ ಮತ್ತು ಮನೆಯ ಕರೆ



ಈ ಸಲದ ಕೊಯ್ಲಿನ ಕಾಲದಲ್ಲಿ ಸಂಘದ ಕಚೇರಿಗೆ ಬಂದ ಸದಸ್ಯರಲ್ಲಿ ಅನೇಕರು ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು ವಿಚಾರಿಸಿ ಎದ್ದು ಹೊರಡುವ ಹೊತ್ತಿಗೆ ಇನ್ನೊಂದು ಮಾತು ಕೇಳುತ್ತಿದ್ದರು. "ಎರಡು ಸಿಮ್ಮಿನ ಫೋನು ತಗೊಂಡರೆ ಈ ಕರೆಗಳ ಕಾಟ ಕಡಿಮೆಯಾದೀತಾ? ಯಾವ ಥರದ್ದು ತಗೊಳ್ಳಬಹುದು?" ಎಂಬುದು ಆ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಎಲ್ಲರ ಉಪಯೋಗಕ್ಕಾಗಿ ಇಲ್ಲಿ ಒಂದೆಡೆ ಬರೆದಿದ್ದೇವೆ. ನಾವು ಫೋನಿನ ತಜ್ಞರಲ್ಲ, ನಿಮ್ಮಂತೆಯೇ ತೋಟ ಮಾಡುವವರು. ಆದರೆ ಈ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇವೆ. ಅದರಿಂದ ಕಲಿತದ್ದನ್ನು ಮುಚ್ಚಿಡದೆ ಹೇಳುವುದು ಉಚಿತವೆಂದು ತೋರಿತು.

ಕರೆಗಳು ಹೆಚ್ಚಿದ ಬಗೆ

ನಮ್ಮ ತಂದೆಯವರ ಕಾಲದಲ್ಲಿ ಕಾಫಿ ಬೆಳೆದವರು ಅದನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದರು. ಇವತ್ತಿನ ಬೆಲೆ ಎಷ್ಟೆಂದು ದಿನವೂ ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. 1990ರ ದಶಕದಲ್ಲಿ ಆ ಕಟ್ಟು ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಕಾಫಿ ಮಾರಾಟ ಪೂರ್ತಿಯಾಗಿ ಬೆಳೆಗಾರನ ಕೈಗೆ ಬಂತು. ಅಲ್ಲಿಂದ ಮುಂದೆ ಬೆಲೆ ವಿಚಾರಿಸುವುದೂ, ಮಾರುವ ದಿನ ಗೊತ್ತುಮಾಡುವುದೂ ನಮ್ಮದೇ ಹೊಣೆಯಾಯಿತು. ಅಡಿಕೆಯಲ್ಲಂತೂ ಮಂಡಿ ಧಾರಣೆ ಕೇಳದೆ ದಿನ ಕಳೆಯುವುದೇ ಇಲ್ಲ.

2003ರಲ್ಲಿ ಮೊಬೈಲಿಗೆ ಒಳಬರುವ ಕರೆಗೆ ಹಣ ತೆರುವುದು ತಪ್ಪಿತು. ಅದಕ್ಕೆ ಮೊದಲು ನಂಬರು ಕೊಡಲು ಹಿಂದೆಮುಂದೆ ನೋಡುತ್ತಿದ್ದ ನಾವು ಆಮೇಲೆ ಕೇಳಿದವರಿಗೆಲ್ಲ ಕೊಟ್ಟೆವು. ಮಂಡಿಯವರು, ಚೇಣಿ ಹಿಡಿಯುವವರು, ಕೊನೆಗಾರರು, ಮೇಸ್ತ್ರಿ, ಆಳುಗಳನ್ನು ಕರೆತರುವ ಜೀಪಿನವರು, ಪಂಪು ರಿಪೇರಿಯವರು, ಗೊಬ್ಬರದಂಗಡಿಯವರು, ಸಂಘದ ಕಚೇರಿಯವರು, ಇವರೆಲ್ಲರ ಕರೆಯೂ ಹೆಂಡತಿ ಮಕ್ಕಳ ಕರೆಯೂ ಒಂದೇ ಬಾಗಿಲಿನಿಂದ ಒಳಗೆ ಬರತೊಡಗಿದವು. ಇವುಗಳ ನಡುವೆ ಸಾಲ ಬೇಕೇ, ಸೈಟು ಬೇಕೇ ಎಂದು ಕೇಳುವವರು ಬೇರೆ. ಕೊನೆಗೆ ಬೇಸತ್ತು ಫೋನಿನ ಸದ್ದನ್ನೇ ಅಡಗಿಸಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹುಮಂದಿಗೆ ಬಂದಿದೆ. ಕಾಟದ ಕರೆಯ ಜೊತೆಗೆ ಬೇಕಾದ ಕರೆಯೂ ಆಗ ಬಾಗಿಲ ಹೊರಗೇ ನಿಲ್ಲುತ್ತದೆ. ಎರಡು ನಂಬರು ಇಟ್ಟುಕೊಳ್ಳುವ ಉದ್ದೇಶ ಈ ತೊಂದರೆಯ ನಿವಾರಣೆಯೇ ಹೊರತು ಡೌಲಲ್ಲ.

ನಮಗೆ ಆದ ಅನುಭವ

ನಾವು ಎರಡು ಸಿಮ್ಮಿನ ಫೋನು ಕೊಂಡದ್ದು ನಾಲ್ಕು ವರ್ಷದ ಹಿಂದೆ. ಹಳೆಯ ನಂಬರನ್ನು ತೋಟದ ಕೆಲಸಕ್ಕೆ ಬಿಟ್ಟು, ಹೊಸದೊಂದನ್ನು ಮನೆಯವರಿಗೆ ಮಾತ್ರ ಕೊಟ್ಟು, ಇನ್ನು ಚಿಂತೆಯಿಲ್ಲವೆಂದುಕೊಂಡೆವು. ಮರುವರ್ಷ ಜನವರಿಯಲ್ಲಿ ಒಂದು ಮಧ್ಯಾಹ್ನ ಕಣದಲ್ಲಿ ಕಾಫಿ ಹರಡಿಸುತ್ತಿದ್ದಾಗ ಖರೀದಿದಾರರೊಬ್ಬರ ಕರೆ ಬಂತು. ಚೆರಿಯ ಬೆಲೆ, ಔಟ್‌ಟರ್ನ್, ತೇವ ಎಂದು ಮಾತು ಬೆಳೆದು ಅರ್ಧ ಗಂಟೆಗೆ ಬಂದಿತು. ಅದೇ ಹೊತ್ತಿಗೆ ಮನೆಯಲ್ಲಿ ನಮ್ಮ ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು. ನಮ್ಮ ಮನೆಯವರು ಹೊಸ ನಂಬರಿಗೆ ಮೇಲಿಂದ ಮೇಲೆ ಕರೆ ಮಾಡಿದರೆ "ಸ್ವಿಚ್ ಆಫ್ ಆಗಿದೆ" ಎಂದೇ ಉತ್ತರ. ಹಳೆಯ ನಂಬರಿಗೂ ಮಾಡಿದರಂತೆ. ನಮ್ಮ ಕಿವಿಯಲ್ಲಿ ಟುಂಯ್ ಟುಂಯ್ ಎಂದದ್ದು ಕೇಳಿತ್ತು. ಮನೆಯ ಕರೆಯಾದರೆ ಮನೆಯ ನಂಬರಿಗೇ ಬರುತ್ತದಲ್ಲ, ಇದು ಇನ್ಯಾರೋ ಮಂಡಿಯವರಿರಬೇಕು ಎಂದು ನಾವು ಫೋನಿನ ಮುಖವನ್ನೂ ನೋಡಲಿಲ್ಲ.

ಪಕ್ಕದ ತೋಟದವರು ಜೀಪು ತಂದು ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ದರು. ನಾವು ಮನೆಗೆ ಬಂದಾಗ ಬಾಗಿಲಿಗೆ ಬೀಗ, ಜಗಲಿಯ ಮೇಲೆ ಕೆಲಸದ ಹೆಂಗಸು ಕುಳಿತಿದ್ದರು. ಸೊಂಟದ ಮೂಳೆ ಮುರಿದಿತ್ತು. ದೇವರ ದಯೆಯಿಂದ ಚಿಕಿತ್ಸೆ ಫಲಿಸಿ ತಾಯಿಯವರು ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಅಂದು ನಮ್ಮ ಮನೆಯವರು ಹೇಳಿದ್ದು ಒಂದೇ ಮಾತು: "ಎರಡು ನಂಬರು ಇಟ್ಟುಕೊಂಡೂ ನೀವು ಒಂದಕ್ಕೂ ಸಿಗಲಿಲ್ಲ." ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಹೊರಟಾಗ ತಿಳಿದದ್ದೇ ಮುಂದಿನ ವಿಷಯ.

ಒಂದು ಪಂಪು, ಎರಡು ಪೈಪು

ಮಾರುಕಟ್ಟೆಯಲ್ಲಿ ಸಿಗುವ ಎರಡು ಸಿಮ್ಮಿನ ಫೋನುಗಳಲ್ಲಿ ಬಹುಪಾಲು 'ಡ್ಯುಯಲ್ ಸ್ಟ್ಯಾಂಡ್‌ಬೈ' ಎಂಬ ಜಾತಿಯವು. ಹಳ್ಳದ ಹತ್ತಿರ ಒಂದೇ ಪಂಪು ಇಟ್ಟು, ಒಂದು ಪೈಪನ್ನು ಅಡಿಕೆ ತೋಟಕ್ಕೂ ಇನ್ನೊಂದನ್ನು ಕಾಫಿಗೂ ಎಳೆದಂತೆ ಇದರ ರಚನೆ. ಸಿಮ್ ಎರಡಾದರೂ ಟವರಿನೊಡನೆ ಮಾತನಾಡುವ ರೇಡಿಯೋ ಭಾಗವನ್ನು ಎರಡೂ ಹಂಚಿಕೊಳ್ಳುತ್ತವೆ. ಫೋನು ಸುಮ್ಮನೆ ಇರುವಾಗ ಎರಡು ಸಿಮ್ಮೂ ಎಚ್ಚರವಾಗಿರುತ್ತವೆ, ಯಾವುದಕ್ಕೆ ಕರೆ ಬಂದರೂ ಗಂಟೆ ಬಾರಿಸುತ್ತದೆ. ಒಂದು ಸಿಮ್ಮಿನಲ್ಲಿ ಮಾತು ಶುರುವಾದ ಕೂಡಲೇ ಪಂಪು ಪೂರ್ತಿ ಆ ಕಡೆಗೆ ತಿರುಗುತ್ತದೆ. ಇನ್ನೊಂದು ಸಿಮ್ಮು ಟವರಿನ ಲೆಕ್ಕಕ್ಕೆ ಸಿಗುವುದಿಲ್ಲ. ಕರೆ ಮಾಡಿದವರಿಗೆ "ಸ್ವಿಚ್ ಆಫ್ ಆಗಿದೆ" ಅಥವಾ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದು ಕೇಳಿಸುತ್ತದೆ. ಮಾತಾಡುತ್ತಿರುವವರಿಗೆ ಇದರ ಸುಳಿವೂ ಇರುವುದಿಲ್ಲ. ಎರಡು ಸಿಮ್ಮಿಗೂ ಪ್ರತ್ಯೇಕ ರೇಡಿಯೋ ಇರುವ 'ಡ್ಯುಯಲ್ ಆ್ಯಕ್ಟಿವ್' ಫೋನುಗಳೂ ಉಂಟು. ಆದರೆ ನಮ್ಮಂಥವರು ಕೊಳ್ಳುವ ಬೆಲೆಯಲ್ಲಿ ಅವು ಅಪರೂಪ.

ಇದಕ್ಕೆ ಪರಿಹಾರ ಎರಡು.

ಮೊದಲನೆಯದು, ಕರೆ ವರ್ಗಾವಣೆ. ಫೋನಿನ ಕರೆ ಸೆಟ್ಟಿಂಗಿನಲ್ಲಿ 'ಕಾಲ್ ಫಾರ್ವರ್ಡಿಂಗ್' ಎಂಬ ಭಾಗವಿರುತ್ತದೆ. ಅಲ್ಲಿ ಮನೆಯ ನಂಬರಿಗೆ ಸಂಬಂಧಿಸಿದಂತೆ 'ಸಂಪರ್ಕಕ್ಕೆ ಸಿಗದಿದ್ದಾಗ' ಎಂಬ ಕಡೆ ತೋಟದ ನಂಬರನ್ನು ಬರೆದಿಡಬೇಕು. ತೋಟದ ನಂಬರಿಗೆ ಸಂಬಂಧಿಸಿದಂತೆ ಮನೆಯ ನಂಬರನ್ನು ಹಾಗೆಯೇ ಬರೆಯಬಹುದು. ಜೊತೆಗೆ ಎರಡರಲ್ಲೂ 'ಕಾಲ್ ವೇಟಿಂಗ್' ತೆರೆದಿರಬೇಕು. ಆಗ ನಾವು ಮಂಡಿಯವರೊಡನೆ ಮಾತಾಡುತ್ತಿದ್ದಾಗ ಮನೆಯಿಂದ ಕರೆ ಬಂದರೆ ಅದು ತೋಟದ ನಂಬರಿಗೆ ಸುತ್ತಿ ಬಂದು, ಕಿವಿಯಲ್ಲಿ ಟುಂಯ್ ಎನ್ನುತ್ತದೆ, ಫೋನಿನ ಮುಖದಲ್ಲಿ ಹೆಸರು ಕಾಣುತ್ತದೆ. ನೋಡುವ ಅಭ್ಯಾಸ ನಮ್ಮದಾಗಿರಬೇಕು. ಹೀಗೆ ವರ್ಗಾಯಿಸಿದ ಕರೆಯ ಖರ್ಚು ವರ್ಗಾಯಿಸಿದ ಸಿಮ್ಮಿನ ಲೆಕ್ಕಕ್ಕೆ ಬರುವುದರಿಂದ ರೀಚಾರ್ಜ್ ಯೋಜನೆಯಲ್ಲಿ ಅದು ಸೇರಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ಎರಡನೆಯದು, ಕೆಲವು ಹೊಸ ಫೋನುಗಳಲ್ಲಿ ಒಂದು ಸಿಮ್ಮಿನ ಇಂಟರ್ನೆಟ್ ಮೂಲಕ ಇನ್ನೊಂದರ ಕರೆಯನ್ನು ಒಳಗೆ ತರುವ ಏರ್ಪಾಡು ಇದೆ. ಇದಕ್ಕೆ ಫೋನೂ ಒಪ್ಪಬೇಕು, ಕಂಪನಿಯೂ ಒಪ್ಪಬೇಕು, ಜಾಗದಲ್ಲಿ ಇಂಟರ್ನೆಟ್ ಗಟ್ಟಿಯಾಗಿಯೂ ಇರಬೇಕು. ಆದಕಾರಣ ಇದನ್ನೇ ನಂಬಿ ಕೂರುವಂತಿಲ್ಲ.

ಒಂದು ಎಚ್ಚರಿಕೆಯ ಮಾತು. ಯಾರೋ ಅಪರಿಚಿತರು ಕರೆ ಮಾಡಿ, ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಯಾವುದಾದರೂ ಸಂಖ್ಯೆ ಒತ್ತಲು ಹೇಳಿದರೆ ಒತ್ತಲೇಬೇಡಿ. ನಿಮ್ಮ ಕರೆಗಳನ್ನೂ, ಬ್ಯಾಂಕಿನಿಂದ ಕರೆಯ ಮೂಲಕ ಬರುವ ಗುಪ್ತ ಸಂಖ್ಯೆಯನ್ನೂ ತಮ್ಮ ಕಡೆಗೆ ತಿರುಗಿಸಿಕೊಳ್ಳುವ ವಂಚನೆ ಅದು. ಈ ಕಾರಣದಿಂದಲೇ ಕೇಂದ್ರ ದೂರಸಂಪರ್ಕ ಇಲಾಖೆ 2024ರ ಏಪ್ರಿಲಿನಲ್ಲಿ ಅಂಥ ಸಂಖ್ಯೆ ಒತ್ತಿ ಕರೆ ವರ್ಗಾಯಿಸುವ ಸೌಲಭ್ಯವನ್ನು ತಡೆಹಿಡಿಯಿತು. ಸೆಟ್ಟಿಂಗಿನಲ್ಲಿ ಕೈಗೂಡದಿದ್ದರೆ ಸಿಮ್ ಕಂಪನಿಯ ಅಂಗಡಿಗೇ ಹೋಗಿ ಮಾಡಿಸಿಕೊಳ್ಳಿ.

ಫೋನು ಆರಿಸುವಾಗ ನೋಡಬೇಕಾದವು

1. ಸಿಮ್ಮಿನ ಗೂಡು. ಕೆಲವು ಫೋನುಗಳಲ್ಲಿ ಎರಡನೆಯ ಸಿಮ್ಮಿಗೂ ಮೆಮೊರಿ ಕಾರ್ಡಿಗೂ ಒಂದೇ ಗೂಡು ಇರುತ್ತದೆ. ಇದನ್ನು ಹೈಬ್ರಿಡ್ ಎನ್ನುತ್ತಾರೆ. ಎರಡನೆಯ ಸಿಮ್ಮು ಹಾಕಿದರೆ ಕಾರ್ಡು ಹೊರಗೆ. ಲೆಕ್ಕದ ಪುಸ್ತಕದ ಚಿತ್ರ, ಬೆಳೆಯ ಚಿತ್ರ ತುಂಬಿಡುವವರು ಎರಡು ಸಿಮ್ಮಿಗೂ ಕಾರ್ಡಿಗೂ ಬೇರೆ ಬೇರೆ ಗೂಡು ಇರುವುದನ್ನೋ, ಕಾರ್ಡು ಬೇಡದಷ್ಟು ಒಳಜಾಗ ಇರುವುದನ್ನೋ ಆರಿಸಬೇಕು. ಅಂಗಡಿಯಲ್ಲೇ ಗೂಡನ್ನು ಹೊರಗೆಳೆಸಿ ಕಣ್ಣಾರೆ ನೋಡಿ.

2. ಎರಡೂ ಗೂಡಿನಲ್ಲಿ 4ಜಿ ಕರೆ. ಕೆಲವು ಹಳೆಯ ಫೋನುಗಳಲ್ಲಿ ಎರಡನೆಯ ಗೂಡು 2ಜಿಗೆ ಮಾತ್ರ ಸೀಮಿತ. ಜಿಯೋ ಕಂಪನಿಗೆ 2ಜಿ ಜಾಲವೇ ಇಲ್ಲವಾದ್ದರಿಂದ ಅದರ ಸಿಮ್ಮು ಅಂಥ ಗೂಡಿನಲ್ಲಿ ಕೆಲಸ ಮಾಡದು. ಎರಡೂ ಗೂಡಿನಲ್ಲಿ ಒಟ್ಟಿಗೆ 'ವೋಲ್ಟಿ' ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹಳೆಯ ಫೋನು ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

3. ತರಂಗದ ಪಟ್ಟಿ. ಕಡಿಮೆ ಸಂಖ್ಯೆಯ ತರಂಗ ದೂರಕ್ಕೆ ಹೋಗುತ್ತದೆ, ಮರಗಿಡಗಳ ನಡುವೆಯೂ ಒಳಗೆ ನುಗ್ಗುತ್ತದೆ. ಗುಡ್ಡ ಕಣಿವೆಯ ನಮ್ಮ ಸೀಮೆಗೆ ಇದು ಮುಖ್ಯ. ಬಿಎಸ್‌ಎನ್‌ಎಲ್‌ನ ದೇಶೀಯ 4ಜಿ ಜಾಲವನ್ನು 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಲಾಯಿತು. ಅದು ಬಳಸುವುದು 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳನ್ನು. 700ರ ಪಟ್ಟಿಗೆ ಬ್ಯಾಂಡ್ 28 ಎಂದು ಹೆಸರು. ಆ ಕಂಪನಿಯ ಸಿಮ್ಮು ಹಾಕುವವರು ಫೋನಿನ ವಿವರದಲ್ಲಿ 4ಜಿ ಬ್ಯಾಂಡುಗಳ ಸಾಲಿನಲ್ಲಿ 28 ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಎದುರಿಗೆ ಟವರಿದ್ದೂ ಫೋನಿಗೆ ಪೂರ್ತಿ ಸಿಗ್ನಲ್ಲು ಸಿಗದೆ ಹೋಗಬಹುದು.

4. ಬೇರೆ ಬೇರೆ ಗಂಟೆ. ಎರಡು ಸಿಮ್ಮಿಗೆ ಎರಡು ರಿಂಗ್‌ಟೋನ್ ಇಡುವ ಅನುಕೂಲ ಎಲ್ಲ ಫೋನುಗಳಲ್ಲೂ ಇಲ್ಲ. ಕೈಗೆ ಗೊಬ್ಬರ ಮೆತ್ತಿಕೊಂಡಿರುವಾಗ, ಏಣಿಯ ಮೇಲಿರುವಾಗ, ಜೇಬಿನಿಂದ ತೆಗೆಯದೆಯೇ ಇದು ಮನೆಯ ಕರೆ ಎಂದು ತಿಳಿಯುವುದು ಗಂಟೆಯಿಂದಲೇ. ನಮ್ಮ ಮಟ್ಟಿಗೆ ಈ ಅನುಕೂಲವಿಲ್ಲದ ಫೋನು ಎರಡು ಸಿಮ್ಮಿನ ಅರ್ಧ ಪ್ರಯೋಜನವನ್ನು ಕಳೆದುಕೊಂಡಂತೆ. ಅಂಗಡಿಯವರ ಮುಂದೆಯೇ ಹಾಕಿಸಿ ನೋಡಿ.

5. ಬ್ಯಾಟರಿ. ಸಿಗ್ನಲ್ಲು ಕಡಿಮೆಯಿರುವ ಕಡೆ ಫೋನು ಹೆಚ್ಚು ಶಕ್ತಿ ವ್ಯಯಿಸಿ ಟವರನ್ನು ಹುಡುಕುತ್ತಿರುತ್ತದೆ. ಎರಡು ಸಿಮ್ಮಿದ್ದರೆ ಹುಡುಕಾಟವೂ ಎರಡು ಪಟ್ಟು. 5000 ಎಂಎಎಚ್‌ಗೆ ಕಡಿಮೆಯಿಲ್ಲದ ಬ್ಯಾಟರಿ ಇರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ದಿನ ಹೇಳಲಾಗದ ನಮ್ಮೂರುಗಳಲ್ಲಿ ಇದು ಐಷಾರಾಮವಲ್ಲ.

6. ನೀರು. ಐಪಿ 67 ಎಂದು ಬರೆದಿದ್ದರೆ ಧೂಳು ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬಲ್ಲದು ಎಂದರ್ಥ. ಐಪಿ 54 ಎಂದರೆ ಎರಚಲಿಗೆ ಮಾತ್ರ ತಡೆ. ಬೋರ್ಡೋ ದ್ರಾವಣ ಹೊಡೆಸುವ ದಿನ ಯಾವ ಫೋನಾದರೂ ಪ್ಲಾಸ್ಟಿಕ್ ಚೀಲದೊಳಗೆ ಇರುವುದೇ ಕ್ಷೇಮ.

7. ವೈಫೈ ಕರೆ. ಮನೆಯಲ್ಲಿ ಫೈಬರ್ ಸಂಪರ್ಕ ಹಾಕಿಸಿಕೊಂಡ ಸದಸ್ಯರು ನಮ್ಮಲ್ಲಿ ಈಗ ಕಡಿಮೆಯಿಲ್ಲ. ಟವರಿನ ಸಿಗ್ನಲ್ಲು ಮನೆಯೊಳಗೆ ಬಾರದಿದ್ದರೂ ವೈಫೈ ಮೂಲಕ ಮಾಮೂಲಿ ನಂಬರಿಗೇ ಕರೆ ಬರುವ ವ್ಯವಸ್ಥೆಯನ್ನು ಏರ್‌ಟೆಲ್ ಮತ್ತು ಜಿಯೋ 2019-20ರಲ್ಲಿ ಆರಂಭಿಸಿದವು. ಎರಡು ಸಿಮ್ಮಿಗೂ ಇದನ್ನು ತೆರೆಯಬಹುದೇ ಎಂದು ನೋಡಿಕೊಳ್ಳಿ.

8. ಇ-ಸಿಮ್. ಕೆಲವು ಫೋನುಗಳಲ್ಲಿ ಎರಡನೆಯ ಸಿಮ್ಮು ಕೈಗೆ ಸಿಗುವ ಚಿಪ್ಪಲ್ಲ, ಫೋನಿನೊಳಗೇ ಅಡಗಿರುತ್ತದೆ. ಪಟ್ಟಣದಲ್ಲಿ ಅನುಕೂಲವೇ. ಆದರೆ ಮಳೆಯಲ್ಲಿ ಫೋನು ಕೆಟ್ಟರೆ ಮಾಮೂಲಿ ಸಿಮ್ಮನ್ನು ಬಿಚ್ಚಿ ಪಕ್ಕದವರ ಫೋನಿಗೆ ಹಾಕಿ ಮಾತಾಡಬಹುದು. ಇ-ಸಿಮ್ಮಿಗೆ ಮತ್ತೆ ಕಂಪನಿಯ ವಿಧಿಗಳನ್ನು ನಡೆಸಬೇಕು. ನಮ್ಮ ಕಡೆಗೆ ಎರಡು ಚಿಪ್ಪಿನದೇ ಮೇಲು.

ಯಾವ ಕಂಪನಿಯ ಸಿಮ್ಮು?

ಎರಡೂ ಸಿಮ್ಮು ಒಂದೇ ಕಂಪನಿಯದಾಗಿದ್ದರೆ ಆ ಟವರು ಮಲಗಿದಾಗ ಎರಡೂ ಮಲಗುತ್ತವೆ. ಬೇರೆ ಬೇರೆ ಕಂಪನಿ ಇರಲಿ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಎಷ್ಟೋ ಕಡೆ ಎರಡು ಮೂರು ಕಂಪನಿಗಳು ಒಂದೇ ಕಂಬವನ್ನು ಹಂಚಿಕೊಂಡಿರುತ್ತವೆ. ಅಲ್ಲಿ ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಎಲ್ಲವೂ ಒಟ್ಟಿಗೆ ನಿಲ್ಲಬಹುದು. ಆದ್ದರಿಂದ ಬೇರೆ ಬೇರೆ ದಿಕ್ಕಿನ ಟವರಿನಿಂದ ಸಿಗ್ನಲ್ಲು ಬರುವ ಎರಡು ಕಂಪನಿಗಳನ್ನು ಆರಿಸುವುದು ಜಾಣತನ.

ಇದನ್ನು ತಿಳಿಯಲು ಜಾಹೀರಾತು ಓದುವುದಕ್ಕಿಂತ ತೋಟ ತಿರುಗುವುದು ಒಳ್ಳೆಯದು. ನೆರೆಯವರ, ನೆಂಟರ ಫೋನುಗಳನ್ನು ಜೊತೆಗೆ ಕೊಂಡು ಮನೆಯ ಜಗಲಿ, ಅಡುಗೆಮನೆ, ಕಣ, ಪಂಪ್‌ಹೌಸು, ತೋಟದ ತಗ್ಗು, ಗುಡ್ಡದ ನೆತ್ತಿ, ಹೀಗೆ ಆರೇಳು ಜಾಗದಲ್ಲಿ ನಿಂತು ಕರೆ ಮಾಡಿ ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಕರೆಂಟು ಹೋಗಿ ಮೂರು ನಾಲ್ಕು ಗಂಟೆ ಕಳೆದ ಮೇಲೆ ಇನ್ನೊಮ್ಮೆ ನೋಡಿದರೆ ಕಂಪನಿಗಳ ನಿಜಗುಣ ತಿಳಿಯುತ್ತದೆ. ಮನೆಯೊಳಗೆ ಗಟ್ಟಿಯಾಗಿರುವುದಕ್ಕಿಂತ ನಾವು ಹಗಲೆಲ್ಲ ಇರುವ ಜಾಗದಲ್ಲಿ ಗಟ್ಟಿಯಾಗಿರುವ ಕಂಪನಿಗೆ ಮನೆಯ ನಂಬರನ್ನು ಕೊಡಬೇಕು. ಏಕೆಂದರೆ ಮನೆಯವರು ನಮ್ಮನ್ನು ಕರೆಯುವುದು ನಾವು ತೋಟದಲ್ಲಿರುವಾಗ.

ಈಗಿರುವ ನಂಬರು ಸರಿಯಿಲ್ಲದ ಕಂಪನಿಯಲ್ಲಿದ್ದರೆ ನಂಬರು ಬಿಡಬೇಕಾಗಿಲ್ಲ. 2011ರಿಂದ ದೇಶದಾದ್ಯಂತ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಕರ್ಯವಿದೆ. ಪೋರ್ಟ್ ಎಂದು ಬರೆದು ಒಂದು ಜಾಗ ಬಿಟ್ಟು ನಿಮ್ಮ ನಂಬರನ್ನು ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯವರಿಗೆ ಕೊಡಬೇಕು.

ಖರ್ಚಿನ ವಿಷಯದಲ್ಲೂ ಹೆದರಬೇಕಾಗಿಲ್ಲ. ಎರಡೂ ಸಿಮ್ಮಿಗೆ ಇಂಟರ್ನೆಟ್ ಬೇಕಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ಮಾಡಿದ ತಿದ್ದುಪಡಿಯಂತೆ ಕಂಪನಿಗಳು ಬರಿಯ ಕರೆ ಮತ್ತು ಸಂದೇಶಕ್ಕೆ ಪ್ರತ್ಯೇಕ ರೀಚಾರ್ಜ್ ಕೊಡಲೇಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು. ಒಂದು ಸಿಮ್ಮಿಗೆ ಇಂಟರ್ನೆಟ್ ಸಹಿತ, ಇನ್ನೊಂದಕ್ಕೆ ಕರೆಗೆ ಮಾತ್ರ ಎಂದು ಹಾಕಿಸಿದರೆ ಸಾಕು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಕೇಳಿ ಹಾಕಿಸಿಕೊಳ್ಳಬೇಕು.

ಯಾವ ನಂಬರು ಯಾರಿಗೆ?

ಇಡೀ ವಿಷಯದ ಮುಖ್ಯ ಭಾಗ ಇದು. ಸಿಮ್ಮು ಎರಡಾದ ಮಾತ್ರಕ್ಕೆ ಕರೆಗಳು ತಾವಾಗಿ ಬೇರೆಯಾಗುವುದಿಲ್ಲ. ಯಾರಿಗೆ ಯಾವ ನಂಬರು ಕೊಟ್ಟಿದ್ದೇವೆ ಎಂಬುದರಿಂದ ಬೇರೆಯಾಗುತ್ತವೆ.

ಹೊಸ ಫೋನು ಕೊಂಡವರು ಸಾಮಾನ್ಯವಾಗಿ ಹೊಸ ನಂಬರನ್ನು ವ್ಯಾಪಾರಕ್ಕೆ ಎಂದು ಮಾಡಿಕೊಳ್ಳುತ್ತಾರೆ. ಇದು ನಡೆಯುವುದಿಲ್ಲ. ಹಳೆಯ ನಂಬರು ಇಪ್ಪತ್ತು ವರ್ಷದಿಂದ ಮಂಡಿಯ ಗೋಡೆಯ ಮೇಲೆ, ಮೇಸ್ತ್ರಿಯ ಪುಸ್ತಕದಲ್ಲಿ, ಜೀಪಿನವರ ತಲೆಯಲ್ಲಿ ಕೂತಿದೆ. ಅದನ್ನು ಅಲ್ಲಿಂದ ಅಳಿಸುವವರಿಲ್ಲ. ಹಳೆಯದನ್ನು ತೋಟದ ಕೆಲಸಕ್ಕೆ ಬಿಟ್ಟು ಹೊಸದನ್ನು ಮನೆಗೆ ಇಟ್ಟುಕೊಳ್ಳುವುದೇ ಸುಲಭ. ಮನೆಯವರು, ಮಕ್ಕಳು, ಒಡಹುಟ್ಟಿದವರು, ಅಪಾಯಕ್ಕೆ ಓಡಿಬರುವ ಒಬ್ಬಿಬ್ಬರು ನೆರೆಯವರು, ಮಕ್ಕಳ ಶಾಲೆ, ಮನೆ ವೈದ್ಯರು, ಇಷ್ಟು ಜನಕ್ಕೆ ಮಾತ್ರ ಅದು ತಿಳಿದಿರಲಿ. ಹತ್ತು ಹದಿನೈದು ಜನ ದಾಟಿದರೆ ಅದೂ ತೋಟದ ನಂಬರಾಗುತ್ತದೆ. ಆ ಹೊಸ ನಂಬರಿನಿಂದ ಮಂಡಿಗೆ ಒಮ್ಮೆಯೂ ಕರೆ ಹೋಗಬಾರದು. ಇದಕ್ಕಾಗಿ ಫೋನಿನಲ್ಲಿ ಕರೆ ಮಾಡುವ ಮುನ್ನ 'ಯಾವ ಸಿಮ್ಮು' ಎಂದು ಪ್ರತಿ ಸಲ ಕೇಳುವಂತೆ ಇಟ್ಟುಕೊಳ್ಳಬಹುದು. ತೋಟದ ಜನರ ಹೆಸರಿಗೆ ತೋಟದ ಸಿಮ್ಮನ್ನೇ ಕಟ್ಟಿಡುವ ಅನುಕೂಲವೂ ಬಹಳ ಫೋನುಗಳಲ್ಲಿದೆ.

ವಾಟ್ಸಾಪಿನಲ್ಲೂ ಇದೇ ಕ್ರಮ. 2023ರ ಅಕ್ಟೋಬರಿನಿಂದ ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ವಾಟ್ಸಾಪಿನೊಳಗೆ ಎರಡು ನಂಬರಿನ ಖಾತೆ ಇಡಬಹುದಾಗಿದೆ. ಧಾರಣೆಯ ಗುಂಪು, ಬೆಳೆಗಾರರ ಗುಂಪು, ಆನೆ ಓಡಾಟದ ಎಚ್ಚರಿಕೆಯ ಗುಂಪು ತೋಟದ ನಂಬರಿನಲ್ಲಿರಲಿ. ಗುಂಪಿಗೆ ಸೇರಿದ ನಂಬರು ಗುಂಪಿನ ಎಲ್ಲರಿಗೂ ತಿಳಿದಂತೆಯೇ ಎಂಬುದನ್ನು ಮರೆಯಬಾರದು.

ಬ್ಯಾಂಕಿನ ಖಾತೆ, ಆಧಾರ್ ಯಾವ ನಂಬರಿಗೆ ಸೇರಿರಬೇಕು? ನಮ್ಮ ಅಭಿಪ್ರಾಯದಲ್ಲಿ ಮನೆಯ ನಂಬರಿಗೆ. ಮುಂದೆ ಎಂದಾದರೂ ತೋಟದ ನಂಬರನ್ನು ಮಗನಿಗೋ ರೈಟರಿಗೋ ವಹಿಸಬೇಕಾಗಬಹುದು. ಆಗ ಬ್ಯಾಂಕಿನ ಗುಪ್ತ ಸಂಖ್ಯೆ ಅದರ ಜೊತೆಯಲ್ಲಿ ಬೇರೆಯವರ ಕೈಗೆ ಹೋಗಬಾರದು. ಬದಲಿಸಲು ಬ್ಯಾಂಕಿನ ಶಾಖೆಗೂ ಆಧಾರ್ ಕೇಂದ್ರಕ್ಕೂ ಒಂದೊಂದು ದಿನ ಓಡಾಡಬೇಕಾದೀತು. ಮಳೆಗಾಲದ ಬಿಡುವಿನಲ್ಲಿ ಮಾಡಿಸಿಟ್ಟರೆ ಕೊಯ್ಲಿನಲ್ಲಿ ಪರದಾಟವಿಲ್ಲ. ಬದಲಾವಣೆ ಪೂರ್ತಿಯಾಗುವವರೆಗೆ ಹಳೆಯ ನಂಬರನ್ನು ಚಾಲ್ತಿಯಲ್ಲಿಡಿ. ಇನ್ನೊಂದು ಗುರುತು ನೆನಪಿರಲಿ: ಬ್ಯಾಂಕು ಮೊದಲಾದ ಹಣಕಾಸು ಸಂಸ್ಥೆಗಳ ಸೇವೆಯ ಕರೆಗೆ 1600ರಿಂದ ಆರಂಭವಾಗುವ ಸರಣಿ, ಜಾಹೀರಾತಿನ ಕರೆಗೆ 140ರ ಸರಣಿ ಗೊತ್ತುಮಾಡಿದ್ದಾರೆ. ಮಾಮೂಲಿ ಹತ್ತು ಅಂಕಿಯ ನಂಬರಿನಿಂದ "ಬ್ಯಾಂಕಿನವರು" ಎಂದು ಕರೆ ಬಂದರೆ ಇಟ್ಟುಬಿಡಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಂಬರಿನ ಜವಾಬ್ದಾರಿ

ಹೊರಗಿನಿಂದ ಬಂದ ಆಳುಗಳಿಗೆ ದಾಖಲೆ ಇಲ್ಲವೆಂದು ನಮ್ಮ ಹೆಸರಿನಲ್ಲಿ ಸಿಮ್ಮು ಕೊಡಿಸುವ ಪದ್ಧತಿ ಕೆಲವು ತೋಟಗಳಲ್ಲಿದೆ. ಉಪಕಾರ ಬುದ್ಧಿಯಿಂದ ಮಾಡಿದರೂ ಇದು ಅಪಾಯ. ಆ ಸಿಮ್ಮಿನಿಂದ ಏನು ನಡೆದರೂ ವಿಚಾರಣೆ ಹೆಸರಿದ್ದವರ ಮನೆಗೆ ಬರುತ್ತದೆ. ಒಬ್ಬರ ಹೆಸರಿನಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಿಮ್ಮು ಇರುವಂತಿಲ್ಲ. 2023ರ ದೂರಸಂಪರ್ಕ ಕಾಯಿದೆಯಂತೆ ಮಿತಿ ಮೀರಿದರೆ ಮೊದಲ ಸಲಕ್ಕೆ 50,000 ರೂಪಾಯಿವರೆಗೆ ದಂಡ ಉಂಟು. ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂಬುದನ್ನು ಸರಕಾರದ 'ಸಂಚಾರ್ ಸಾಥಿ' ತಾಣದಲ್ಲಿ ನೋಡಿ, ನಮ್ಮದಲ್ಲದ್ದನ್ನು ತೆಗೆಸಬಹುದು.

ಎರಡನೆಯ ನಂಬರನ್ನು ಕೊಂಡು ಮರೆತುಬಿಡುವುದೂ ತಪ್ಪು. ತೊಂಬತ್ತು ದಿನ ಯಾವ ಬಳಕೆಯೂ ಇಲ್ಲದ ನಂಬರನ್ನು ಕಂಪನಿ ನಿಲ್ಲಿಸಬಹುದು. ನಿಂತ ನಂಬರು ಕೆಲಕಾಲದ ನಂತರ ಬೇರೊಬ್ಬರಿಗೆ ಹೋಗುತ್ತದೆ. ನಿಮ್ಮ ಬ್ಯಾಂಕು ಆಗಲೂ ಅದೇ ನಂಬರಿಗೆ ಗುಪ್ತ ಸಂಖ್ಯೆ ಕಳಿಸುತ್ತಿದ್ದರೆ ಗತಿಯೇನು? ರೀಚಾರ್ಜ್ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಎರಡು ಸಿಮ್ಮಿನ ಫೋನಿಗೆ ಐಎಂಇಐ ಎಂಬ ಗುರುತಿನ ಸಂಖ್ಯೆಯೂ ಎರಡು. ನಕ್ಷತ್ರ, ಚೌಕ, ಸೊನ್ನೆ, ಆರು, ಚೌಕ ಒತ್ತಿದರೆ ಎರಡೂ ಕಾಣುತ್ತವೆ. ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡಿ. ಫೋನು ಕಳೆದರೆ ಪೊಲೀಸು ದೂರು ಕೊಟ್ಟು, ಅದೇ ಸಂಚಾರ್ ಸಾಥಿ ತಾಣದಲ್ಲಿ ಎರಡನ್ನೂ ತಡೆಸಬೇಕು. ಕಳೆದ ನಂಬರಿಗೆ ಬದಲಿ ಸಿಮ್ಮು ಪಡೆದ ಮೇಲೆ 24 ಗಂಟೆ ಕಾಲ ಸಂದೇಶಗಳು ಬರುವುದಿಲ್ಲ. ಅದು ವಂಚನೆ ತಡೆಯಲು ಮಾಡಿದ ನಿಯಮ, ಗಾಬರಿಯಾಗಬೇಡಿ.

ಎರಡು ಫೋನೇ ಲೇಸು ಎನ್ನುವವರಿಗೆ

ಕೆಲವರಿಗೆ ಎರಡು ಸಿಮ್ಮಿನ ಒಂದು ಫೋನಿಗಿಂತ ಎರಡು ಫೋನೇ ಒಳ್ಳೆಯದು. ಕೊಯ್ಲಿನ ದಿನಗಳಲ್ಲಿ ಗಂಟೆಗಟ್ಟಲೆ ಫೋನಿನಲ್ಲೇ ಇರುವವರು, ಮನೆಯಲ್ಲಿ ಕಾಯಿಲೆಯವರಿರುವವರು, ತೋಟದ ಫೋನನ್ನು ಆಗಾಗ ರೈಟರ ಕೈಗೆ ಕೊಡುವವರು ಮನೆಯ ನಂಬರಿಗೆ ಒಂದು ಸಣ್ಣ ಗುಂಡಿಯ ಫೋನು ಇಟ್ಟುಕೊಳ್ಳಲಿ. ಒದ್ದೆ ಕೈಗೂ ಅದು ಒಗ್ಗುತ್ತದೆ, ಚಾರ್ಜು ದಿನಗಟ್ಟಲೆ ನಿಲ್ಲುತ್ತದೆ, ಒಂದರಲ್ಲಿ ಮಾತಿದ್ದಾಗ ಇನ್ನೊಂದು ಖಂಡಿತ ಬಾರಿಸುತ್ತದೆ. ಜಿಯೋ ಸಿಮ್ಮಾದರೆ 4ಜಿ ಗುಂಡಿಯ ಫೋನೇ ಆಗಬೇಕು. ಎರಡು ಹೊರುವುದು ಬೇಡವೆನ್ನುವವರಿಗೆ, ಮೇಲೆ ಹೇಳಿದ ಕರೆ ವರ್ಗಾವಣೆಯನ್ನು ಮಾಡಿಕೊಂಡರೆ ಒಂದೇ ಸಾಕು.

ಯಾವುದನ್ನೇ ಆರಿಸಿ, ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. ಸ್ನೇಹಿತರೊಬ್ಬರಿಂದ ತೋಟದ ನಂಬರಿಗೆ ಕರೆ ಮಾಡಿಸಿ ಮಾತು ಮುಂದುವರಿಸುತ್ತಿರಿ. ಆಗಲೇ ಮನೆಯಿಂದ ಮನೆಯ ನಂಬರಿಗೆ ಕರೆ ಮಾಡಲು ಹೇಳಿ. ಕಿವಿಗೆ ಸದ್ದು ಬಿದ್ದರೆ ಫೋನು ಸರಿ. ಬೀಳದಿದ್ದರೆ ಅಂಗಡಿ ಬಿಡುವ ಮೊದಲೇ ಸರಿಮಾಡಿಸಿ. ಈ ಎರಡು ನಿಮಿಷದ ಕೆಲಸವನ್ನು ನಾವು ಅಂದು ಮಾಡಿರಲಿಲ್ಲ.

ಕರೆ ವರ್ಗಾವಣೆ ಮಾಡಿಕೊಳ್ಳಲು ತೊಡಕಾದ ಸದಸ್ಯರು ಕಚೇರಿಯ ವೇಳೆಯಲ್ಲಿ ಫೋನು ಸಮೇತ ಬಂದರೆ ನಮ್ಮ ಸಿಬ್ಬಂದಿ ತೋರಿಸಿಕೊಡುತ್ತಾರೆ. ಬರುವಾಗ ಸಂಘದ ಸದಸ್ಯರ ಪುಸ್ತಕದಲ್ಲಿ ನಿಮ್ಮ ತೋಟದ ನಂಬರನ್ನು ತಿದ್ದಿಸಿಕೊಳ್ಳಬೇಕಾಗಿ ಕೋರಿಕೆ. ಮನೆಯ ನಂಬರನ್ನು ನಮಗೂ ಕೊಡಬೇಡಿ.

ನಮ್ಮ ತಾಯಿಯವರು ಈಗ ದಿನವೂ ಮಧ್ಯಾಹ್ನ ಊಟದ ಹೊತ್ತಿಗೆ ಮನೆಯ ನಂಬರಿಗೆ ಒಮ್ಮೆ ಕರೆ ಮಾಡುತ್ತಾರೆ. ಮಾತೇನೂ ಇರುವುದಿಲ್ಲ. "ಗಂಟೆ ಬಾರಿಸುತ್ತದಾ ಅಂತ ನೋಡಿದೆ" ಎಂದು ಹೇಳಿ ಇಡುತ್ತಾರೆ.

— ಕಾರ್ಯದರ್ಶಿ